ಕಲಬುರಗಿಯಿಂದ ಒಂದೇ ದಿನದಾಗ ಬೀದರ್: ಗೈಡ್ ಹಿಡಿಬೇಕೋ, ನಾವೇ ನೋಡ್ಕೊಂಡ್ ಬರಬೇಕೋ?

ಸ್ಟೇಷನ್_ರಸ್ತೆ:
ಡಿಸೆಂಬರ್‌ನಾಗ ಒಂದು ಭಾನುವಾರ, ಐದು ಮಂದಿ. ಇಬ್ಬರು ಹಿರಿಯರಿಗೆ ಮೊಣಕಾಲು ನೋವು, ಒಂದು ಹುಡುಗನಿಗೆ ಒಂಬತ್ತು ವರ್ಷ. ಒಬ್ಬ ಟೂರ್‌ನವರು ಪಟ್ಟಿ ಕೊಟ್ಟಾರ: ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರ್ ಗುಮ್ಮಟಗಳು, ನರಸಿಂಹ ಝರಣಿ, ಗುರುದ್ವಾರ, ಪಾಪನಾಶ ಗುಡಿ, ವಾಪಸ್ ಬರುವಾಗ ಬಸವಕಲ್ಯಾಣ. ಗಾಡಿ, ಗೈಡ್, ಊಟ ಎಲ್ಲಾ ಸೇರಿ ಒಂದೇ ರೇಟು. ಇಷ್ಟೂ ಒಂದು ದಿನದಾಗ ಆಗ್ತದೇನು? ಗೈಡ್ ಬಿಟ್ಟು ನಾವೇ ಹೋದ್ರ ಏನು ತಪ್ಪಿಹೋಗ್ತದ?

ತೊಗರಿ_ಕಣಜ:
ಆಗಲ್ರಿ. ಲೆಕ್ಕ ಹಾಕಿ ನೋಡ್ರಿ. ಕಲಬುರಗಿಯಿಂದ ಬೀದರ್ ಹುಮನಾಬಾದ್ ಮೇಲೆ ಸುಮಾರು 115 ಕಿ.ಮೀ. ಕಾರಿನಾಗ ನಿಲ್ಲದೆ ಹೋದ್ರ ಎರಡೂಕಾಲು ತಾಸು, ಹುಮನಾಬಾದ್‌ನಾಗ ನಾಷ್ಟಾ ಮಾಡಿದ್ರ ಮೂರು ತಾಸಿನ ಹತ್ತಿರ. ಬೆಳಗ್ಗೆ 6ಕ್ಕ ಬಿಟ್ಟು ರಾತ್ರಿ 8ಕ್ಕ ಮನಿ ಅಂದ್ರ ಕೈಯಾಗ 14 ತಾಸು. ಹೋಗಿ ಬರೋದು, ನಾಷ್ಟಾ, ಊಟ ಕಳೆದ್ರ ನೋಡಾಕ ಉಳಿಯೋದು ಏಳೂವರೆ ತಾಸು.

ಕೋಟೆಗೆ ಮೂರು ತಾಸು ಕೊಡಲೇಬೇಕು. ಅಷ್ಟೂರಿಗೆ ಒಂದೂಕಾಲು, ಮದರಸಾಕ್ಕ ಮುಕ್ಕಾಲು, ಗುರುದ್ವಾರಕ್ಕ ಮುಕ್ಕಾಲು. ಊರೊಳಗ ಒಂದರಿಂದ ಇನ್ನೊಂದಕ್ಕ ಹೋಗಿ ಗಾಡಿ ನಿಲ್ಲಿಸೋಕ ಪ್ರತಿ ಸಲ ಕಾಲು ತಾಸು. ಇಲ್ಲಿಗೇ ಸಮಯ ಹೆಚ್ಚುಕಮ್ಮಿ ಮುಗೀತು. ಝರಣಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಭಾನುವಾರ ಅಲ್ಲಿ ಬರೀ ಸರದಿಗೇ ಎರಡು ತಾಸು ಹೋಗಬಹುದು.

ಬಸವಕಲ್ಯಾಣ "ವಾಪಸ್ ಬರುವಾಗ ದಾರಿಯಾಗ" ಅಂತ ಹೇಳೋದು ಕಣ್ಣಿಗೆ ಮಣ್ಣೆರಚೋ ಮಾತು. ಅದು ದಾರಿಯಾಗಿಲ್ಲ. ಹುಮನಾಬಾದ್‌ನಾಗ ಪುಣೆ-ಹೈದರಾಬಾದ್ ಹೆದ್ದಾರಿ ಹಿಡಿದು ಪಶ್ಚಿಮಕ್ಕ ಹೋಗಿ, ಸಸ್ತಾಪುರ ಬಂಗ್ಲಾದ ಹತ್ರ ಒಳಗ ತಿರುಗಬೇಕು, ಒಂದು ಕಡಿಗೇ 30 ಕಿ.ಮೀ. ಹತ್ತಿರ. ಆ ಹೆದ್ದಾರಿ ತುಂಬ ಲಾರಿ. ಮುಟ್ಟೋದ್ರಾಗ ಕತ್ತಲಾಗ್ತದ, 108 ಅಡಿ ಬಸವಣ್ಣನ ಮೂರ್ತಿಯನ್ನ ಲೈಟಿನ್ಯಾಗ ದೂರದಿಂದ ನೋಡಿ ಬರೋದಷ್ಟೇ. ಬಸವಕಲ್ಯಾಣಕ್ಕ ಬ್ಯಾರೆ ದಿನ ಇಡ್ರಿ. ಅವತ್ತು ಹುಮನಾಬಾದ್ ಹತ್ತಿರದ ಜಲಸಂಗ್ವಿ ಗುಡಿ ಕೂಡಿಸ್ರಿ. ಆರನೇ ವಿಕ್ರಮಾದಿತ್ಯನನ್ನ ಹೊಗಳೋ ಶಾಸನ ಬರೀತಾ ನಿಂತ ಮದನಿಕೆ ಆ ಗುಡಿ ಗೋಡಿ ಮ್ಯಾಲದಾಳ. ಆ ಒಂದು ಶಿಲ್ಪಕ್ಕೇ ಹೋಗಿ ಬರಬಹುದು.

ಕೆಂಪುಕಲ್ಲು_ಬೀದರ್:
ಗೈಡ್ ವಿಷಯಕ್ಕೆ ನೇರವಾಗಿ ಬರ್ತೀನಿ. ಬೀದರಿನಲ್ಲಿ ಇಡೀ ದಿನಕ್ಕೆ ಗೈಡ್ ಬೇಡ. ಕೋಟೆಗೆ ಮಾತ್ರ ಹಿಡೀರಿ, ಅದೂ ಬೀಗದ ಕಾರಣಕ್ಕೆ.

ಕೋಟೆಯಲ್ಲಿ ನೋಡಲೇಬೇಕಾದ ರಂಗೀನ್ ಮಹಲಿಗೆ ಬೀಗ ಹಾಕಿರುತ್ತಾರೆ. ಗೊತ್ತಿಲ್ಲದವರು ಹೊರಗಿನ ಗೋಡೆ ನೋಡಿ "ಇದೇನಾ" ಅಂದುಕೊಂಡು ಮುಂದೆ ಹೋಗುತ್ತಾರೆ. ಹತ್ತಿರದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಹಳೆಯ ಶಾಹಿ ಹಮಾಮಿನ ಕಟ್ಟಡದಲ್ಲಿ. ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಿದರೆ ಯಾರಾದರೂ ಬಂದು ತೆಗೆದು ತೋರಿಸುತ್ತಾರೆ. ಸ್ಥಳೀಯ ಗೈಡ್ ಜೊತೆಗಿದ್ದರೆ ಈ ಕೆಲಸ ಸಲೀಸು. ಇಲ್ಲದಿದ್ದರೂ ಆಗುತ್ತದೆ, ಸ್ವಲ್ಪ ಕಾಯಬೇಕು. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಆ ದಿನ ಹೋದರೆ ಕೀಲಿ ಇಟ್ಟುಕೊಂಡವರನ್ನು ಹುಡುಕುವುದೇ ಕೆಲಸವಾಗುತ್ತದೆ. ನಿಮ್ಮದು ಭಾನುವಾರ, ಚಿಂತೆಯಿಲ್ಲ.

ಒಳಗೆ ಹೋದಮೇಲೆ ಅವಸರ ಮಾಡಬೇಡಿ. ಮೊದಲು ಸಿಗುವುದು ಕೆತ್ತಿದ ಮರದ ಕಂಬಗಳು. ಅವನ್ನು ದಾಟಿ ಒಳಕೋಣೆಯ ಬಾಗಿಲ ಚೌಕಟ್ಟಿಗೆ ಮುಖ ಹತ್ತಿರ ತಂದು ನೋಡಿ. ಕಪ್ಪು ಕಲ್ಲಿನಲ್ಲಿ ಬಳ್ಳಿಯಾಕಾರಕ್ಕೆ ಕೊರೆದು, ಆ ಕೊರೆತದೊಳಗೆ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಎದುರಿಗೆ ನಿಂತರೆ ಮಾಸಲು ಬಿಳಿ ಅಷ್ಟೇ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಚೂರು ಹಸಿರು, ಗುಲಾಬಿ ಆಗುತ್ತದೆ. ಇದು ಬರೀದ್ ಶಾಹಿ ಸುಲ್ತಾನ ಅಲಿ ಬರೀದನ ಕಾಲದ ಕೆಲಸ. ಫೋನಿನ ಫ್ಲಾಶ್ ಹಾಕಿದರೆ ಹೊಳಪು ಸತ್ತುಹೋಗಿ ಚಿತ್ರದಲ್ಲಿ ಬಿಳಿ ಚುಕ್ಕೆ ಮಾತ್ರ ಉಳಿಯುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿಯಿರಿ.

ಸೋಲಾ ಖಂಬಾ ಮಸೀದಿ ಅಲ್ಲೇ ಪಕ್ಕ, ಎದುರಿಗೆ ಲಾಲ್ ಬಾಗ್. ಇಷ್ಟು ಒಂದು ಗುಂಪು, ಎಲ್ಲಾ ಸಮತಟ್ಟು ನೆಲ, ಮೊಣಕಾಲು ನೋವಿನವರಿಗೂ ಸರಿ. ತರ್ಕಶ್ ಮಹಲ್, ಗಗನ್ ಮಹಲ್ ಹತ್ತಿರದಲ್ಲೇ ಇವೆ, ಹೊರಗಿನಿಂದ ನೋಡಿದರೆ ಸಾಕು. ದಿವಾನ್-ಎ-ಆಮ್ ಮತ್ತು ತಖ್ತ್ ಮಹಲ್ ಸ್ವಲ್ಪ ನಡಿಗೆ, ಅಲ್ಲಲ್ಲಿ ಎತ್ತರದ ಮೆಟ್ಟಿಲು. ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿ ಹುಲಿ ಮತ್ತು ಸೂರ್ಯನ ಚಿಹ್ನೆ ಉಳಿದಿದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ.

ಒಳಗೆ ಬರುವಾಗಲೇ ಕಂದಕ ನೋಡಿ. ದಕ್ಷಿಣದ ಕಡೆ ಮೂರು ಸಾಲು, ಬಂಡೆಯಲ್ಲೇ ಕೊರೆದದ್ದು, ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾ ದಾಟುವಾಗ ವಾಹನಗಳೂ ನುಗ್ಗುತ್ತವೆ. ಹುಡುಗನ ಕೈ ಬಿಡಬೇಡಿ.

ಬಿಸಿಲೂರು_585:
ಕೆಂಪುಕಲ್ಲು ಹೇಳಿದ್ದಕ್ಕ ಒಂದು ಸೇರಸ್ತೀನಿ. ಗೈಡ್ ಹಿಡಿಯೋ ಮುಂದ ನಾಕು ಮಾತು ಮೊದಲೇ ಬಾಯಿಬಿಟ್ಟು ಕೇಳ್ರಿ. ಎಷ್ಟು ತಾಸು? ಯಾವ ಭಾಷೆ? ರಂಗೀನ್ ಮಹಲ್ ಒಳಗ ತೋರಸ್ತೀರೇನು, ಬರೀ ಹೊರಗಿಂದೇನು? ರೊಕ್ಕ ಒಬ್ಬೊಬ್ಬರಿಗೋ, ಇಡೀ ಗುಂಪಿಗೋ? ಕಡೀದೇ ಜಗಳ ಹಚ್ಚೋದು. ಪ್ರವಾಸೋದ್ಯಮ ಇಲಾಖೆ ಗುರುತಿನ ಚೀಟಿ ಇದ್ದವರನ್ನ ಹಿಡಿದ್ರ ಚಲೋ.

ಇನ್ನ "ಈ ಸುರಂಗ ಗೋಲ್ಕೊಂಡಾಕ್ಕ ಹೋಗ್ತದ" ಅಂದ್ರ ನಕ್ಕು ಸುಮ್ಮನಾಗ್ರಿ. ದಖ್ಖಣದಾಗ ಪ್ರತಿ ಕೋಟೆಯಿಂದನೂ ಇನ್ನೊಂದು ಕೋಟೆಗೆ ಸುರಂಗ ಅದ ಅಂತಾರ. ನಿಜವಾದ ಸುರಂಗ ನೋಡಬೇಕಂದ್ರ ನೌಬಾದ್‌ನಾಗಿನ ಕರೇಜ್ ನೋಡ್ರಿ. ಪರ್ಷಿಯಾದ ಪದ್ಧತಿಯಾಗ ನೆಲದಾಗ ಇಳಿಜಾರು ಕಾಲುವೆ ಕೊರೆದು, ನಡುನಡುವೆ ಬಾವಿ ತೋಡಿ ನೀರು ತಂದಾರ. ಕಲಬುರಗಿ ಕಡೆಯಿಂದ ಬರೋರಿಗೆ ಊರು ಹೊಗೋ ಮೊದಲೇ ಸಿಗ್ತದ. ಬಾವಿಯ ಬಾಯಿ ಹತ್ರ ಹುಡುಗರನ್ನ ಬಿಡಬ್ಯಾಡ್ರಿ.

ಸ್ಟೇಷನ್_ರಸ್ತೆ:
ಅಂದ್ರ ಪ್ಯಾಕೇಜ್ ಬ್ಯಾಡ. ಹಂಗಾದ್ರ ಕಾರ್ ಬಾಡಿಗೆ ಹ್ಯಾಂಗ ಮಾತಾಡಬೇಕು? ರೈಲಿನಾಗ ಹೋದ್ರ ಹ್ಯಾಂಗ?

ಡೆಮು_ಪ್ರಯಾಣಿಕ:
ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು, ಸುಮಾರು 110 ಕಿ.ಮೀ. ಕಮಲಾಪುರ, ಹುಮನಾಬಾದ್ ಮೇಲೆ ಹೋಗುತ್ತದೆ. ಅಗ್ಗ, ಕಿಟಕಿಯ ನೋಟವೂ ಚೆನ್ನ. ಆದರೆ ದಿನದ ಪ್ರವಾಸಕ್ಕೆ ಎರಡು ತೊಂದರೆ. ಒಂಟಿ ಹಳಿ, ಆದ್ದರಿಂದ ಎದುರು ಗಾಡಿಗೆ ಕಾದು ತಡವಾಗುವುದು ಸಹಜ. ಗಾಡಿಗಳೂ ಕೆಲವೇ, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು. ಹೋಗುವುದಕ್ಕೆ ರೈಲು, ಬರುವುದಕ್ಕೆ ಬಸ್ಸು ಎಂದು ಇಟ್ಟುಕೊಂಡರೆ ಸಾಯಂಕಾಲದ ಆತಂಕ ಇರುವುದಿಲ್ಲ. ಎಲ್ಲ ಗಾಡಿಗಳೂ ಎಲ್ಲ ದಿನ ಓಡುವುದಿಲ್ಲ, ಹೊರಡುವ ಹಿಂದಿನ ದಿನ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ತೊಗರಿ_ಕಣಜ:
ಐದು ಮಂದಿ, ಅದ್ರಾಗ ಇಬ್ಬರು ಹಿರಿಯರು ಅಂದ್ರ ಕಾರೇ ಸರಿ. ಬಾಡಿಗೆ ಮಾತಾಡೋ ಮುಂದ ಕಿ.ಮೀ. ದರ ಒಂದೇ ಕೇಳಿ ಖುಷಿ ಪಡಬ್ಯಾಡ್ರಿ. ಹೊರೂರಿನ ಬಾಡಿಗೆಗೆ ದಿನಕ್ಕ ಕನಿಷ್ಠ ಕಿ.ಮೀ. ಅಂತ ಕಟ್ಟಿರ್ತಾರ, ಸಾಮಾನ್ಯವಾಗಿ 250 ಇಲ್ಲಾ 300. ನಿಮ್ಮ ಓಡಾಟ ಹೋಗಿ ಬಂದು 230, ಊರೊಳಗ 30, ಒಟ್ಟು 260. ಕನಿಷ್ಠ 300 ಇದ್ದರ ಓಡದ 40 ಕಿ.ಮೀ.ಗೂ ರೊಕ್ಕ ಕೊಡ್ತೀರಿ. ಮೀಟರ್ ನಿಮ್ಮ ಮನಿಯಿಂದನೋ, ಅವರ ಶೆಡ್ಡಿನಿಂದನೋ ಅಂತ ಕೇಳ್ರಿ. ಡ್ರೈವರ್ ಭತ್ತೆ, ಟೋಲ್, ಪಾರ್ಕಿಂಗ್ ಒಳಗೋ ಹೊರಗೋ, ಎಷ್ಟು ಗಂಟೆ ಮೇಲೆ ರಾತ್ರಿ ಭತ್ತೆ ಶುರು, ಇವೆಲ್ಲಾ ವಾಟ್ಸಾಪ್‌ನಾಗ ಬರಿಸಿಕೊಳ್ರಿ. ಬಾಯಿಮಾತಿನಾಗ ಮುಗಿಸಿದ್ರ ರಾತ್ರಿ 9ಕ್ಕ ಮನಿ ಮುಂದ ತಕರಾರು ಗ್ಯಾರಂಟಿ. ಐದು ಮಂದಿಗೆ ಸಣ್ಣ ಡಿಸೈರ್ ತರಿಸಬ್ಯಾಡ್ರಿ. ಹಿಂದ ನಾಕು ಮಂದಿ ಕುಂತ್ರ ಹಿರಿಯರ ಮೊಣಕಾಲು ಹುಮನಾಬಾದಿಗೇ ಕೈಕೊಡ್ತದ. ಎರ್ಟಿಗಾ ತರಹದ್ದು ಕೇಳ್ರಿ.

ಜೋಳದ_ತೆನೆ:
ಬಸ್ಸಲ್ಲಿ ಹೋಗುವವರಿಗಾಗಿ ಒಂದು ಮಾತು. ಕಲಬುರಗಿ-ಬೀದರ್ ಕೆಕೆಆರ್‌ಟಿಸಿ ಬಸ್ಸುಗಳಿಗೆ ಕೊರತೆಯಿಲ್ಲ, ಮೂರು ತಾಸಿನ ಹತ್ತಿರ ಹಿಡಿಯುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಉಚಿತ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಜೊತೆಗಿರಬೇಕು. ತಪ್ಪುವುದು ವಾಪಸ್ ಬರುವಾಗ. ರಾತ್ರಿ ನೇರ ಬಸ್ಸು ಕಡಿಮೆಯಾದಾಗ ಜನ ಹುಮನಾಬಾದಿಗೆ ಬಂದು, ಅಲ್ಲಿಂದ ಹೈದರಾಬಾದ್ ಕಡೆಯಿಂದ ಬರುವ ಬಸ್ಸು ಹತ್ತುತ್ತಾರೆ. ಅಂತರರಾಜ್ಯ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ, ಟಿಕೆಟ್ ತೆಗೆಯಲೇಬೇಕು. ಕಂಡಕ್ಟರ್ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ.

ಕೆಂಪುಕಲ್ಲು_ಬೀದರ್:
ಕ್ರಮದ ಬಗ್ಗೆ. ಬಹಳ ಜನ ಕೋಟೆಯಿಂದ ಶುರು ಮಾಡುತ್ತಾರೆ. ಚಳಿಗಾಲದಲ್ಲಿ ಅಷ್ಟೂರ್ ಮೊದಲು ಮಾಡಿ ಅಂತ ನನ್ನ ಸಲಹೆ. ನೀವು 8.45ಕ್ಕೆ ಬೀದರ್ ಮುಟ್ಟಿದರೆ ಕೋಟೆಯ ಸಿಬ್ಬಂದಿ ಆಗಷ್ಟೇ ಬರುತ್ತಿರುತ್ತಾರೆ, ಬೀಗದ ಕೋಣೆಗಳು ತೆರೆದಿರುವುದಿಲ್ಲ. ಅಷ್ಟೂರ್ ಊರಿನ ಪೂರ್ವಕ್ಕೆ 3 ಕಿ.ಮೀ. ಅಲ್ಲಿ ಅಹಮದ್ ಶಾಹ ವಲಿಯ ಗುಮ್ಮಟ ಇಂದಿಗೂ ಜನ ನಡೆದುಕೊಳ್ಳುವ ಜಾಗ, ಬೆಳಗ್ಗೆಯೇ ನೋಡಿಕೊಳ್ಳುವವರು ಇರುತ್ತಾರೆ. ಒಳಗೆ ಗೋಡೆ ಮತ್ತು ಗುಮ್ಮಟದ ತುಂಬ ಬಣ್ಣ, ಚಿನ್ನದ ಬರಹ. ಕಣ್ಣು ಕತ್ತಲೆಗೆ ಹೊಂದಲು ಎರಡು ನಿಮಿಷ ಬೇಕು. ಒಳಹೋದ ಕೂಡಲೇ "ಏನೂ ಕಾಣಲ್ಲ" ಅಂತ ಹೊರಬರುವವರೇ ಹೆಚ್ಚು.

ಅಹಮದ್ ಶಾಹನೇ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. ಲಿಂಗಾಯತರು ಅವನನ್ನು ಅಲ್ಲಮಪ್ರಭುವಿನ ರೂಪ ಎಂದು ನಂಬುತ್ತಾರೆ. ಹೋಳಿಯ ನಂತರ ನಡೆಯುವ ಉರುಸು-ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಆ ದಿನಗಳಲ್ಲಿ ಹೋದರೆ ಕಟ್ಟಡ ಕಾಣುವುದಿಲ್ಲ, ಜನ ಕಾಣುತ್ತಾರೆ. ಅದೂ ನೋಡಬೇಕಾದ್ದೇ, ಆದರೆ ಅದಕ್ಕೆ ಬೇರೆ ತಯಾರಿ ಬೇಕು.

ಸಾಲಿನಲ್ಲಿ ಅರ್ಧ ಬಿದ್ದ ಒಂದು ಗುಮ್ಮಟ ಇದೆ, ಬಹಮನಿ ಸುಲ್ತಾನ ಹುಮಾಯೂನ್ ಶಾಹನದು, ಸಿಡಿಲು ಬಡಿದದ್ದು. ಗುಮ್ಮಟ ಸೀಳಿರುವುದರಿಂದ ಒಳಗಿನ ಇಟ್ಟಿಗೆಯ ಕಟ್ಟು ಹೇಗಿದೆ ಎನ್ನುವುದು ಅಲ್ಲಿ ಮಾತ್ರ ಕಾಣುತ್ತದೆ. ಹೋಗುವ ದಾರಿಯಲ್ಲೇ ಚೌಖಂಡಿ ಎಂಬ ಎಂಟು ಮೂಲೆಯ ಸಮಾಧಿ ಕಟ್ಟಡ. ಮೆಟ್ಟಿಲು ಬಹಳ, ಹಿರಿಯರು ಕೆಳಗಿನಿಂದಲೇ ನೋಡಲಿ.

ಏಪ್ರಿಲ್-ಮೇ ತಿಂಗಳಾದರೆ ಈ ಕ್ರಮ ತಿರುಗುಮುರುಗು. ಆಗ 7ಕ್ಕೆ ಕೋಟೆಯ ಬಯಲು ನೋಡಿ, 10ರ ಮೇಲೆ ನೆರಳಿನ ಜಾಗಕ್ಕೆ ಹೋಗಬೇಕು. 42 ಡಿಗ್ರಿಯಲ್ಲಿ ಜಂಬಿಟ್ಟಿಗೆ ಕಲ್ಲು ಕಾದರೆ ಚಪ್ಪಲಿಯೊಳಗೂ ಗೊತ್ತಾಗುತ್ತದೆ.

ಹೊಸಬ_ಯಾದಗಿರಿ:
ಝರಣಿ ಬಿಡಬೇಕಾ? ಹುಡುಗರಿಗೆ ಅದೇ ಇಷ್ಟ ಅಲ್ವಾ?

ಬಿಸಿಲೂರು_585:
ಇಷ್ಟ ಹೌದು. ಆದ್ರ ಏನು ಅಂತ ತಿಳ್ಕೊಂಡು ಹೋಗ್ರಿ. ಗವಿಯಾಗ ಸುಮಾರು 300 ಮೀಟರ್ ನೀರಾಗ ನಡೀಬೇಕು. ದೊಡ್ಡವರಿಗೆ ಎದೆಮಟ್ಟ, ಅಂದ್ರ ಒಂಬತ್ತು ವರ್ಷದ ಹುಡುಗನಿಗೆ ಗದ್ದಕ್ಕಿಂತ ಮ್ಯಾಲ. ಹೆಗಲ ಮ್ಯಾಲ ಕೂಡಿಸಿಕೊಂಡು ಹೋಗೋರು ಬೇಕು. ಮ್ಯಾಲ ಬಾವಲಿ ತೂಗಾಡ್ತಿರ್ತಾವ, ಏನೂ ಮಾಡಲ್ಲ. ಕಡೀಗೆ ನರಸಿಂಹನ ಮುಂದ ಕೆಲವೇ ಮಂದಿ ನಿಲ್ಲೋವಷ್ಟು ಜಾಗ. ಸರದಿ ನಿಧಾನ ಆಗೋದು ಅದಕ್ಕೇ. ಒಂದು ಗುಂಪು ತಿರುಗಿ ಬಂದ ಮ್ಯಾಲೇ ಮುಂದಿನದು. ಗದ್ದಲ ಹೆಚ್ಚಾದ್ರ ಒಳಗ ಉಸಿರು ಕಟ್ಟಿದಂಗ ಆಗ್ತದ. ಬಿಪಿ, ದಮ್ಮು, ಹೃದಯದ ತೊಂದ್ರಿ ಇದ್ದವರು ಹೊರಗೇ ಕೈಮುಗೀರಿ. ನೀರಿನ ಮಟ್ಟದ ಕಾರಣಕ್ಕ ಒಮ್ಮೊಮ್ಮೆ ಪ್ರವೇಶನೇ ನಿಲ್ಲಸ್ತಾರ, ಊರೊಳಗ ಯಾರನ್ನಾರ ಕೇಳಿ ಮುಂದುವರೀರಿ.

ಹೋಗೋದೇ ಆದ್ರ ದಿನದ ಕಡೀಗೆ ಇಡ್ರಿ. ಮುಂಜಾನೆ ಇಳಿದ್ರ ಇಡೀ ದಿನ ಹಸಿ ಬಟ್ಟಿ ಚೀಲ ಹೊತ್ತುಕೊಂಡು ತಿರುಗಬೇಕಾಗ್ತದ. ಬದಲಿ ಬಟ್ಟೆ, ಟವೆಲ್, ಫೋನಿಗೆ ನೀರು ಹೊಗದ ಪೌಚು. ಸೀರೆ ಉಟ್ಟವರು ಚೂಡಿದಾರ ಹಾಕ್ಕೊಂಡ್ರ ಸಲೀಸು. ಜೀನ್ಸ್ ಬ್ಯಾಡ, ನೆನೆದ್ರ ಹೆಜ್ಜಿ ಎತ್ತಲಿಕ್ಕ ಆಗಲ್ಲ. ಭಾನುವಾರ, ಐದು ಮಂದಿ, ನಿಮ್ಮ ಗುಂಪಿಗೆ ನಾ ಬ್ಯಾಡ ಅಂತೀನಿ.

ಚಿತ್ತಾಪುರ_ಫರ್ಸಿ:
ವಿಷಯ ಸ್ವಲ್ಪ ತಿರುಗಿಸ್ತೀನಿ. ಗೈಡ್ ಬೇಕೋ ಬೇಡವೋ ಅನ್ನೋದಕ್ಕೆ ಬೀದರ್ ಸರಿಯಾದ ಉದಾಹರಣೆ ಅಲ್ಲ, ಅಲ್ಲಿ ಕಟ್ಟಡ ತಾನೇ ಮಾತಾಡುತ್ತೆ. ನಿಜವಾಗಿ ತಿಳಿದವರು ಜೊತೆಗೆ ಬೇಕಾಗೋದು ಸನ್ನತಿಗೆ.

ಕಲಬುರಗಿಯಿಂದ ಸುಮಾರು 70 ಕಿ.ಮೀ., ಭೀಮಾ ದಂಡೆ. ಹೋದವರು ಚಂದ್ರಲಾಂಬಾ ಗುಡಿಯಲ್ಲಿ ದರ್ಶನ ಮಾಡಿ, ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಕಲ್ಲಿನ ಚಪ್ಪಡಿಗಳನ್ನು ಹತ್ತು ನಿಮಿಷ ನೋಡಿ ವಾಪಸ್. ಆದರೆ 1986ರಲ್ಲಿ ಆ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗಲೇ ಮೂರ್ತಿಯ ಕೆಳಗಿನ ಪೀಠ ಅಶೋಕನ ಶಾಸನದ ಕಲ್ಲು ಅಂತ ಗೊತ್ತಾಗಿದ್ದು. ಮೂರ್ತಿ ಕೂರಿಸೋಕೆ ಕಲ್ಲಿನ ನಡುವೆ ಚೌಕ ತೂತು ಕೊರೆದಿದ್ದಾರೆ, ಅಷ್ಟು ಅಕ್ಷರ ಹೋಯಿತು. ಉಳಿದದ್ದರಲ್ಲಿ ಅಶೋಕನ ಬಂಡೆ ಶಾಸನಗಳ ಪೈಕಿ 12 ಮತ್ತು 14ನೆಯವು, ಜೊತೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಇರುವಂಥ ಎರಡು ಪ್ರತ್ಯೇಕ ಶಾಸನಗಳಿವೆ. ಕನಗನಹಳ್ಳಿ ಉತ್ಖನನದಲ್ಲಿ ಸಿಕ್ಕಿದ್ದು ಅಶೋಕನದೇ ಉಬ್ಬುಶಿಲ್ಪ: ರಾಣಿ, ಪರಿಚಾರಿಕೆಯರ ನಡುವೆ ರಾಜ, ಬ್ರಾಹ್ಮಿಯಲ್ಲಿ "ರಾಯ ಅಸೋಕೋ" ಅನ್ನೋ ಹೆಸರು. ಯಾವ ಚಪ್ಪಡಿ ಅಂತ ತೋರಿಸೋರು ಇಲ್ಲದಿದ್ದರೆ ಅದರ ಮುಂದೆಯೇ ನಿಂತು ಬೇರೆ ಕಡೆ ನೋಡಿ ಬರ್ತೀರಿ. ಕಾವಲು ಸಿಬ್ಬಂದಿಯನ್ನು ಕೇಳಿ, ತೋರಿಸ್ತಾರೆ.

ದಾರಿ: ಸೇಡಂ ರಸ್ತೆಯಲ್ಲಿ 40 ಕಿ.ಮೀ. ಮಳಖೇಡ. ಅಲ್ಲಿ ಕಾಗಿಣಾ ದಂಡೆಯ ಕೋಟೆ, ರಾಷ್ಟ್ರಕೂಟರ ಮಾನ್ಯಖೇಟ ಇದೇ. ನೇಮಿನಾಥ ಬಸದಿಯನ್ನೂ ನೋಡಿ. ಅಲ್ಲಿಂದ ಚಿತ್ತಾಪುರ, ಹತ್ತಿರದ ನಾಗಾವಿಯಲ್ಲಿ ಘಟಿಕಾಸ್ಥಾನದ (ಹಳೆಯ ವಿದ್ಯಾಕೇಂದ್ರ) ಅರವತ್ತು ಕಂಬದ ಗುಡಿ, ಆಮೇಲೆ ಸನ್ನತಿ, ವಾಪಸ್ ಶಹಾಬಾದ್ ಮೇಲೆ. ಒಂದೇ ದಾರಿಯಲ್ಲಿ ಎರಡು ಸಲ ಓಡಬೇಕಾಗಿಲ್ಲ. ಮಳಖೇಡ-ಸೇಡಂ ಕಡೆ ಸಿಮೆಂಟ್ ಲಾರಿ ಹೆಚ್ಚು, ಅದನ್ನು ಬೆಳಗ್ಗೆಯೇ ಮುಗಿಸಿ. ಸನ್ನತಿಯಲ್ಲಿ ಊಟದ ಹೋಟೆಲ್ ನಂಬಬೇಡಿ, ಚಿತ್ತಾಪುರದಲ್ಲೇ ಉಣ್ಣಿ ಅಥವಾ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಮಳೆಗಾಲದಲ್ಲಿ ಮ್ಯಾಪ್ ತೋರಿಸೋ ಹೊಲದ ಅಡ್ಡದಾರಿ ಬೇಡವೇ ಬೇಡ. ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಬೈಕ್ ಆದರೂ ನಿಂತುಬಿಡುತ್ತೆ, ಕಡ್ಡಿಯಿಂದ ಕೆದರಿ ತೆಗೆಯೋವರೆಗೂ ಚಕ್ರ ತಿರುಗಲ್ಲ.

ಹೊಸಬ_ಯಾದಗಿರಿ:
ರೈಲಿನಲ್ಲಿ ನಾಲವಾರದಲ್ಲಿ ಇಳಿದು ಸನ್ನತಿಗೆ ಹೋಗಬಹುದು, ವಾಡಿ ಮತ್ತು ಯಾದಗಿರಿ ನಡುವಿನ ಸ್ಟೇಷನ್. ಮುಂದಕ್ಕೆ ಆಟೋ. ಹೋಗಿ ಕಾದು ವಾಪಸ್ ಬರೋದಕ್ಕೆ ಸೇರಿಸಿಯೇ ಮಾತಾಡಿ, ಅಲ್ಲಿಂದ ಬೇರೆ ಗಾಡಿ ಸಿಗುತ್ತೆ ಅಂತ ಕೂರಬೇಡಿ. ಎಲ್ಲ ಎಕ್ಸ್‌ಪ್ರೆಸ್‌ಗಳೂ ಅಲ್ಲಿ ನಿಲ್ಲಲ್ಲ.

ಹಕ್ಕಿ ನೋಡೋರಿಗೆ ಸುರಪುರದ ಹತ್ತಿರ ಬೋನಾಳ್ ಕೆರೆ, ನವೆಂಬರ್‌ನಿಂದ ಫೆಬ್ರುವರಿ, ಬೆಳಗ್ಗೆ 9ರ ಒಳಗೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಇದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಹತ್ತೋದಲ್ಲ, ದೂರದಿಂದಲೇ ನೋಡೋದು. ಹತ್ತಿರ ಹೋದರೆ ಬರೀ ಬಂಡೆ.

ಜೋಳದ_ತೆನೆ:
ಬೀದರಿಗೇ ವಾಪಸ್ ಬಂದರೆ, ಬಿದ್ರಿ ಕೊಳ್ಳುವ ಯೋಚನೆ ಇದ್ದರೆ ಕೋಟೆ ಮುಂದಿನ ಅಂಗಡಿಗಿಂತ ಊರ ನಡುವಿನ ಚೌಬಾರಾ ಗೋಪುರದ ಆಸುಪಾಸು, ಸಿದ್ದಿಕ್ ತಾಲೀಮ್ ಕಡೆಯ ಕಾರ್ಖಾನೆಗಳಿಗೆ ಹೋಗಿ, ಕೆಲಸ ಕಣ್ಣಾರೆ ಕಾಣುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ, ಉಳಿಯಿಂದ ಕೊರೆತ, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುವುದು, ಕಡೆಗೆ ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಕಲೆಸಿದ ನೀರಲ್ಲಿ ಬಿಸಿ ಮಾಡಿ ಮುಳುಗಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬೆರಳಾಡಿಸಿ ನೋಡಿ, ಬೆಳ್ಳಿ ಮೇಲೆದ್ದು ಕೈಗೆ ತಾಗಬಾರದು, ಮೇಲ್ಮೈ ಸಪಾಟಾಗಿರಬೇಕು. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಮೂಲೆಯಲ್ಲಿ ಉಗುರಿನಿಂದ ಗೀರಿದರೆ ಕಪ್ಪು ಸುಲಿದರೆ ಅದು ಬಣ್ಣ. ಭಾನುವಾರ ಕೆಲವು ಕಾರ್ಖಾನೆ ಮುಚ್ಚಿರಬಹುದು, ಅಂಗಡಿ ಸಿಗುತ್ತದೆ. ಮನೆಗೆ ತಂದಮೇಲೆ ಪೀತಾಂಬರಿ ಹಾಕಿ ಉಜ್ಜಬೇಡಿ, ಒಣ ಬಟ್ಟೆಯಲ್ಲಿ ತುಸು ಕೊಬ್ಬರಿ ಎಣ್ಣೆ ಸಾಕು.

ಸ್ಟೇಷನ್_ರಸ್ತೆ:
ಸರಿ, ಹಿಂಗ ಮಾಡೀನಿ. 6ಕ್ಕ ಬಿಡೋದು, ಹುಮನಾಬಾದ್‌ನಾಗ ನಾಷ್ಟಾ, 9ಕ್ಕ ಅಷ್ಟೂರ್, 10.30ರಿಂದ 1.30 ಕೋಟೆ, ಅಲ್ಲೇ ಒಬ್ಬ ಗೈಡ್. ಆಮೇಲೆ ಹೋಟೆಲ್ ಊಟ, 3ಕ್ಕ ಮದರಸಾ, 4ಕ್ಕ ಬಿದ್ರಿ ಅಂಗಡಿ, 5ಕ್ಕ ವಾಪಸ್. ಝರಣಿ, ಪಾಪನಾಶ, ಬಸವಕಲ್ಯಾಣ ಇಲ್ಲ.

ಕೆಂಪುಕಲ್ಲು_ಬೀದರ್:
ಚೆನ್ನಾಗಿದೆ. ಒಂದೇ ಬದಲಾವಣೆ. ಊಟಕ್ಕೆ ಹೋಟೆಲ್ ಹುಡುಕುವ ಬದಲು ಗುರು ನಾನಕ್ ಝೀರಾಕ್ಕೆ ಹೋಗಿ. ಲಂಗರಿನಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಬೇಕಾದಷ್ಟೇ ಹಾಕಿಸಿಕೊಳ್ಳಿ, ಬಿಡುವಂತಿಲ್ಲ. ನೆಲದ ಮೇಲೆ ಕೂರಲಾಗದ ಹಿರಿಯರು ಇದ್ದಾರೆಂದು ಮೊದಲೇ ಸೇವಾದಾರರಿಗೆ ಹೇಳಿ. ಗುರುದ್ವಾರ ನೋಡಿದ್ದೂ ಆಯಿತು, ಹೋಟೆಲಿನ ಒಂದು ತಾಸೂ ಉಳಿಯಿತು.

ಆ ತಾಸನ್ನು ಮದರಸಾಕ್ಕೆ ಕೊಡಿ. 1472ರ ಕಟ್ಟಡ, ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಕಡೆ, ಒಂದು ಮಿನಾರು ಹೋದವು. ಉಳಿದ ಮಿನಾರಿನ ಮೇಲೆ ಅಂಕುಡೊಂಕು ಹೆಂಚಿನ ಸಾಲು ಇನ್ನೂ ಇದೆ. ಮಧ್ಯಾಹ್ನ ಮೂರರ ಬದಲು ನಾಲ್ಕಕ್ಕೆ ಹೋದರೆ ಬಿಸಿಲು ಕಡಿಮೆ. ಬಿದ್ರಿ ಅಂಗಡಿ ಮೊದಲು, ಮದರಸಾ ಆಮೇಲೆ ಮಾಡಿಕೊಳ್ಳಿ, ಎರಡಕ್ಕೂ ನಡುವೆ ನಡೆದೇ ಹೋಗಬಹುದು.

ತೊಗರಿ_ಕಣಜ:
5ಕ್ಕ ಅಂದ್ರ 5ಕ್ಕೇ ಬಿಡ್ರಿ. ಹುಮನಾಬಾದ್-ಕಮಲಾಪುರ ನಡುವ ಕಬ್ಬಿನ ಟ್ರ್ಯಾಕ್ಟರ್ ಡಿಸೆಂಬರ್‌ನಾಗ ಬಾಳ, ಹಿಂದ ಲೈಟ್ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಬೆಳಕಿದ್ದಾಗಲೇ ಹುಮನಾಬಾದ್ ದಾಟ್ರಿ. ಕಮಲಾಪುರದಾಗ ಕೆಂಪು ಬಾಳೆಹಣ್ಣು ಸಿಕ್ಕರ ತಗೊಳ್ರಿ, ಪೂರ್ತಿ ಹಣ್ಣಾದದ್ದು ಬ್ಯಾಡ, ಚೂರು ಗಟ್ಟಿ ಇರೋದು ಮೂರು ದಿನ ತಡೀತದ.